ಒಂದು ಸುಣ್ಣ, ಮೂರು ಮರಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಮೂರು ಗೇಣನ್ನು ಒಂದು ಗೇಣಿನಿಂದ ಭಾಗಿಸಿದರೆ ಗೇಣು ಬಿದ್ದುಹೋಗಿ ಬರೀ ಮೂರು ಉಳಿಯುತ್ತದೆ ಎಂದು ಹೇಳಿಕೊಟ್ಟಿರಿ. ಅಳೆದ ಮಾನವೇ ಹೋದ ಮೇಲೆ ಉಳಿದ ಸಂಖ್ಯೆಯನ್ನು ನಂಬುವುದು ಹೇಗೆ?"

ಲೆಕ್ಕ ಸರಿಯಾಗಿ ಬಂದ ದಿನವೇ ನಿನಗೆ ಅನುಮಾನ ಹುಟ್ಟುತ್ತದಲ್ಲ ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಗಾರೆ ಕಲಸುವವಳು ಹೆಂಡತಿ, ಗೋಡೆಗೆ ಬಳಿಯುವವನು ಅವನು. ಒಂದು ಸುಣ್ಣಕ್ಕೆ ಮೂರು ಮರಳು ಎಂಬುದು ಅವಳ ಲೆಕ್ಕ. ಮರಳನ್ನು ಬೊಗಸೆಯಲ್ಲಿ ಅಳೆಯುತ್ತಿದ್ದಳು. ಸುಣ್ಣ ಕೈ ಸುಡುತ್ತದೆಂದು ಅದಕ್ಕೆ ಮಾತ್ರ ಒಂದು ದೊಡ್ಡ ತೆಂಗಿನ ಕರಟ ಇಟ್ಟುಕೊಂಡಿದ್ದಳು. ಅವಳು ಕಲಸಿದ ಗಾರೆ ಒಮ್ಮೆಯೂ ಬಿರುಕು ಬಿಟ್ಟದ್ದಿಲ್ಲ. ಊರವರು ಅದನ್ನು ಕೈಗುಣ ಎನ್ನುತ್ತಿದ್ದರು. ಗಂಡನೂ ಹಾಗೆಯೇ ನಂಬಿದ್ದ.

ದಾರಿಹೋಕರ ಛತ್ರದ ಗೋಡೆ ಅರ್ಧ ಮುಗಿದಿದ್ದಾಗ ಹೆಂಡತಿ ಜ್ವರ ಬಂದು ತೀರಿಕೊಂಡಳು. ಅವರಿಗೆ ಮಕ್ಕಳಿರಲಿಲ್ಲ. ಉಳಿದರ್ಧವನ್ನು ಬೇರೆಯವರಿಗೆ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಇಬ್ಬರೂ ಸೇರಿ ಹಿಡಿದ ಕೆಲಸ ಅದೊಂದೇ ಉಳಿದಿತ್ತು. ಅದನ್ನೂ ಕೈಬಿಟ್ಟರೆ ಅವಳ ಜೊತೆಗಿನ ನಂಟೇ ಮುಗಿದುಹೋಗುತ್ತದೆ ಎಂದು ಅವನಿಗೆ ಹೆದರಿಕೆ.

ಗಾರೆಯನ್ನು ತಾನೇ ಕಲಸಿದ. ಸುಣ್ಣ ಅವಳ ಕರಟದಲ್ಲಿ, ಮರಳು ತನ್ನ ಬೊಗಸೆಯಲ್ಲಿ. ಒಂದಕ್ಕೆ ಮೂರು, ಒಂದಿಷ್ಟೂ ತಪ್ಪಲಿಲ್ಲ. ಬಳಿದದ್ದು ಒಣಗಿ, ಮುಟ್ಟಿದರೆ ಉದುರಿತು. ಕೆರೆದು ಮತ್ತೆ ಬಳಿದ. ಮತ್ತೆ ಉದುರಿತು. ಕೈಗುಣ ಅವಳ ಜೊತೆಗೇ ಹೋಯಿತು ಬಿಡು ಎಂದು ಊರವರು ಸಮಾಧಾನ ಹೇಳಿದರು. ಅಂಥ ಸಮಾಧಾನ ಹೇಳುವುದರಲ್ಲಿ ಊರವರು ಯಾವಾಗಲೂ ಮುಂದು. ಅವನ ಒಂಟಿತನ ಇನ್ನಷ್ಟು ಹೆಚ್ಚಿತು. ಮನೆಗೆ ಹೋದರೆ, ಇವತ್ತೂ ಉದುರಿತು ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಒಂದು ದಿನ ಸುಣ್ಣ ಸುಡುವ ಮುದುಕಿ ಸುಣ್ಣ ತಂದವಳು, ಅವನು ಕಲಸುವುದನ್ನು ನೋಡುತ್ತ ನಿಂತಳು. ಅವನ ಅಗಲವಾದ ಬೊಗಸೆಯನ್ನು ನೋಡಿದಳು, ಕರಟವನ್ನೂ ನೋಡಿದಳು.

"ಅವಳ ಬೊಗಸೆಗೆ ಸಮ ಮಾಡಿ ಅಂಚು ತಿಕ್ಕಿದ ಕರಟ ಕಣಪ್ಪ ಅದು. ನೀನು ಒಂದನ್ನ ಅವಳ ಕೈಲಿ ಅಳೀತಿದ್ದೀಯ, ಇನ್ನೊಂದನ್ನ ನಿನ್ನ ಕೈಲಿ."

"ಹಾಗಾದ್ರೆ ಅವಳ ಕೈಯನ್ನ ನಾನು ಎಲ್ಲಿಂದ ತರಲಿ?"

"ಅವಳ ಕೈ ಯಾಕೆ? ಎರಡನ್ನೂ ಒಂದರಲ್ಲೇ ಅಳೆ. ಬೋಗುಣಿ ಆದ್ರೂ ಸರಿ, ಮುರುಕು ಮಡಕೆ ಆದ್ರೂ ಸರಿ."

ಅವನು ಕರಟವನ್ನು ಪಕ್ಕಕ್ಕಿಟ್ಟು, ಛತ್ರದ ಹಿತ್ತಲಲ್ಲಿ ಬಿದ್ದಿದ್ದ ಒಂದು ಮುರುಕು ಮಡಕೆಯಲ್ಲಿ ಎರಡನ್ನೂ ಒಂದಕ್ಕೆ ಮೂರರಂತೆ ಅಳೆದು ಕಲಸಿದ. ಗಾರೆ ಕಲ್ಲಿನ ಹಾಗೆ ಕೂತಿತು.

ಗೋಡೆ ಮುಗಿಯಿತು. ಊರವರು ಬಂದು ನೋಡಿ, ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ ಎಂದು ಹೊಗಳಿ ಮನೆಗೆ ಹೋದರು. ಅವನೊಬ್ಬನೇ ಉಳಿದ. ಹೆಂಡತಿ ಕಲಸಿದ ಗಾರೆ ಯಾವುದೆಂದು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕೈಯಾಡಿಸಿ ಹುಡುಕಿದ. ಸಿಗಲಿಲ್ಲ. ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ.

ಗುರು ಕತೆ ನಿಲ್ಲಿಸಿದರು. ಗೋಡೆ ಗಟ್ಟಿಯಾಗಿ ನಿಂತ ಮೇಲೂ ಅವನು ಅತ್ತದ್ದೇಕೆ ಎಂದು ಶಿಷ್ಯ ಕೇಳಿದ.

ಗುರು ಹೇಳಿದರು: "ಆ ಮೂರನ್ನು ನೀನು ಕಣ್ಣುಮುಚ್ಚಿ ನಂಬಬಹುದು, ಅದಕ್ಕೆ ಯಾರ ಕೈಯೂ ಬೇಕಾಗಿಲ್ಲ, ಕೈ ಬೇಕಾಗಿದ್ದದ್ದು ಅವನಿಗೆ."