ಅತ್ತಿಮರದ ಕಳ್ಳ

ಹೊಳೆದಂಡೆಯ ಆಶ್ರಮದಲ್ಲಿ ಚನ್ನವೀರನೆಂಬ ಶಿಷ್ಯನಿದ್ದ. ಅಲ್ಲಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವನದು. ಪಾಪ, ಮಗುವೊಂದು ಕೆಮ್ಮಿದರೂ ಅವನ ಎದೆ ಧಸಕ್ಕೆನ್ನುತ್ತಿತ್ತು.

ಒಂದು ದಿನ ಬಟ್ಟೆ ಒಗೆದುಕೊಂಡು ಬರುತ್ತಾನೆ, ಮಕ್ಕಳೆಲ್ಲ ಅತ್ತಿಮರ ಏರಿ ಮರಕೋತಿ ಆಡುತ್ತಿದ್ದಾರೆ. ಮರಕೋತಿ ಗೊತ್ತಲ್ಲ? ಮರದ ಬುಡದಲ್ಲೊಂದು ಕೋಲು. ಅದನ್ನು ಕಾಯುವವನೇ ಕಳ್ಳ. ಅವನ ಕೈಗೆ ಸಿಗದಂತೆ ಇಳಿದು ಬಂದು ಕೋಲು ಮುಟ್ಟಿದರೆ ಗೆದ್ದ ಹಾಗೆ.

ಎಲ್ಲರಿಗಿಂತ ಮೇಲಿದ್ದವಳು ಹೊನ್ನಿ, ಇನ್ನೂ ಹಾಲುಹಲ್ಲು ಬಿದ್ದಿರದ ಹುಡುಗಿ. ಹೊಳೆಯ ಮಡುವಿನ ಮೇಲೆ ಚಾಚಿದ ಕೊಂಬೆಯಲ್ಲಿ ಹಾಡಿಕೊಂಡು ಹೋಗುತ್ತಿದ್ದಳು.

"ಹೊನ್ನೀ, ಬಿದ್ದೀಯೆ!" ಚನ್ನವೀರ ಕಿರುಚಿದ.

ಹಾಡು ನಿಂತಿತು. ಹೊನ್ನಿ ಕೆಳಗೆ ನೋಡಿದಳು. ಅಲ್ಲಿಯವರೆಗೆ ಅವಳ ಲೆಕ್ಕಕ್ಕೇ ಇರದ ಮಡು ಈಗ ಕಂಡಿತು. ಕೊಂಬೆ ತಬ್ಬಿಕೊಂಡು ಅಳತೊಡಗಿದಳು.

"ಇಳಿ ತಾಯಿ, ನಿಧಾನಕ್ಕೆ ಇಳಿ."

"ಆಗಲ್ಲಣ್ಣ. ಬಿದ್ದುಹೋಗ್ತೀನಿ."

ಚನ್ನವೀರ ತಾನೇ ಹತ್ತಿದ. ಅವನು ಕಾಲಿಟ್ಟದ್ದೇ ಕೊಂಬೆ ಲಟಕ್ಕೆಂದಿತು. ಬೆವರುತ್ತ ಹಿಂದಕ್ಕಿಳಿದ. ಮಗುವಿನ ಕೈ ಸೋಲುತ್ತಿದೆ, ತನ್ನ ಕಣ್ಣೆದುರಿಗೇ ಬೀಳುತ್ತದೆ ಎಂದು ಅವನ ಜೀವ ಬಾಯಿಗೆ ಬಂತು.

ಕೊಟ್ಟಿಗೆಯಿಂದ ಗುರುಗಳು ಬಂದರು. ಮರ ನೋಡಿದರು, ಶಿಷ್ಯನ ಮುಖ ನೋಡಿದರು.

"ಯಾರ್ರಪ್ಪಾ ಕಳ್ಳ?" ಎಂದು ಮಕ್ಕಳನ್ನು ಕೇಳಿದರು.

ಮಕ್ಕಳ ಕಣ್ಣೆಲ್ಲ ಹೊನ್ನಿಯ ಮೇಲೇ ಇತ್ತು.

"ಹಾಗಾದರೆ ಇವತ್ತು ನಾನೇ ಕಳ್ಳ."

ಪಂಚೆ ಎತ್ತಿ ಕಟ್ಟಿಕೊಂಡರು. ಕೆಳಕೊಂಬೆಯ ಮಕ್ಕಳನ್ನು ಮುಟ್ಟಲು ಹೋಗಿ ಎಡವಿದರು. ಮಕ್ಕಳು ಕಿಸಕ್ಕೆಂದರು.

ಚನ್ನವೀರನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಗುರುಗಳೇ, ಅಲ್ಲಿ ಮಗು ಸಾಯ್ತಾ ಇದೆ, ನೀವು ಆಟ ಆಡ್ತಿದ್ದೀರಾ?"

"ಸುಮ್ಮನಿರು. ನನ್ನ ಕೋಲು ಯಾರು ಮುಟ್ತಾರೋ ನೋಡೇಬಿಡ್ತೀನಿ," ಎಂದು ಗಟ್ಟಿಯಾಗಿ ಹೇಳಿ, ಕೋಲಿಗೆ ಬೆನ್ನು ಹಾಕಿ ದೂರ ನಡೆದರು.

ಮೇಲಿನ ಅಳು ನಿಂತಿತು.

ಹೊನ್ನಿಯ ಕಣ್ಣು ಗುರುಗಳ ಬೆನ್ನ ಮೇಲಿತ್ತು. ಕಾಲು ತಾನಾಗಿ ಹಿಂದಕ್ಕೆ ಸರಿದು ಕವಲು ಹುಡುಕಿತು. ಗುರುಗಳು ಇತ್ತ ತಿರುಗುವಂತೆ ನಟಿಸಿದಾಗ ಎಲೆಗಳ ಮರೆಯಲ್ಲಿ ಅಲುಗಾಡದೆ ಕೂತಳು. ಅವರು ಮತ್ತೆ ಬೆನ್ನು ತಿರುಗಿಸಿದ್ದೇ ತಡ, ಬೊಡ್ಡೆಯ ಮೇಲೆ ಜರ್ರನೆ ಜಾರಿ ಬಂದು ಕೋಲು ಹಿಡಿದಳು.

"ಸೋತ್ರಿ ಗುರುಗಳೇ."

"ಅಯ್ಯೋ, ಸೋತೆನಲ್ಲಮ್ಮ," ಎಂದರು ಅವರು.

ಚನ್ನವೀರ ಮರದ ಬೊಡ್ಡೆ ಅಪ್ಪಿಕೊಂಡು ನಿಂತಿದ್ದ.

"ಇನ್ನು ಮರ ಹತ್ತೋದೇ ಬೇಡ ಗುರುಗಳೇ. ಕೂತು ಪಾಠ ಕಲಿಯಲಿ."

"ಯಾವ ಕೊಂಬೆ ತನ್ನ ಭಾರ ತಡೀತದೆ, ಎಲ್ಲಿ ಕಾಯಬೇಕು, ಯಾವಾಗ ನುಗ್ಗಬೇಕು, ಇದನ್ನ ಯಾವ ಪಾಠದಲ್ಲಿ ಹೇಳಿಕೊಡ್ತೀಯಪ್ಪಾ?"

"ಬಿದ್ದಿದ್ದರೆ?"

ಅಷ್ಟರಲ್ಲಿ ಹೊನ್ನಿ ಮತ್ತೆ ಕೆಳಗಿನ ಕೊಂಬೆಗೆ ಕೈ ಹಾಕಿದ್ದಳು. ಚನ್ನವೀರ ಬಾಯಿ ತೆರೆದ. ಕೂಗಲಿಲ್ಲ, ಆದರೆ ಬೊಡ್ಡೆಯನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ.

ಗುರುಗಳು ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಹೊನ್ನಿ ಆಗಲೇ ಇಳಿದಳು ಚನ್ನವೀರ. ನೀನು ಯಾವಾಗ ಇಳೀತೀಯ?"