ಧಣಿಯ ಮೂಲ ತೂಕ

ಮರಳುಕಟ್ಟೆಯ ರಾಜ ಮಲ್ಲದೇವನಿಗೆ ಕುದುರೆಗಳ ಹುಚ್ಚು. ಆ ಹುಚ್ಚಿಗೆ ಸರಕು ಒದಗಿಸಿ ದುಂಡಗಾದವನು ವ್ಯಾಪಾರಿ ನಾಗರಸ. ಈ ಸಲ ಒಟ್ಟಿಗೆ ನೂರು ಕುದುರೆ ತಂದುಕೊಟ್ಟ ಖುಷಿಗೆ ರಾಜ, "ಹುಣ್ಣಿಮೆಯ ದಿನ ತಕ್ಕಡಿ ಹತ್ತು, ನಿನ್ನ ತೂಕದಷ್ಟು ಬೆಳ್ಳಿ ಕೊಡುತ್ತೇನೆ" ಅಂದುಬಿಟ್ಟ. ಅವತ್ತಿನಿಂದ ನಾಗರಸ ಊಟಕ್ಕೆ ಹನ್ನೆರಡು ಹೋಳಿಗೆ, ಹೋಳಿಗೆಗೊಂದು ಮಿಳ್ಳೆ ತುಪ್ಪ ಇಳಿಸತೊಡಗಿದ.

ಕುದುರೆ ತಂದವನು ನಾಗರಸನಾದರೂ ಪಳಗಿಸಿದವನು ಬಹರಾಮ. ಪಾರಸಿಕ ದೇಶದಿಂದ ಬಂದು ಇಪ್ಪತ್ತೊಂದು ವರ್ಷ ನಾಗರಸನ ಲಾಯದಲ್ಲಿ ಒದೆ ತಿಂದವನು. ಎರಡು ಹಲ್ಲು, ಒಂದು ಪಕ್ಕೆಲುಬು ಅಲ್ಲೇ ಹೋಗಿದ್ದವು. ಅವನ ಕೈಯಲ್ಲಿ ಪಳಗಿದ ಪಾರಸಿ ಕುದುರೆಗಳಿಗೆ ಈಗ ಕನ್ನಡ ಬಿಟ್ಟರೆ ಬೇರೆ ಭಾಷೆ ತಿಳಿಯುತ್ತಿರಲಿಲ್ಲ.

ಬಂದರಿನಲ್ಲೊಂದು ಕಲ್ಲು ಇತ್ತು. ರಾಜನ ಅಜ್ಜ ಅದರ ಮೇಲೆ ಕೆತ್ತಿಸಿದ್ದ: "ಹೊರದೇಶದಿಂದ ಬಂದು ದುಡಿದವನು ಊರಿಗೆ ಹೊರಟಾಗ, ದುಡಿದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳ ಸಂಬಳ ಕೊಟ್ಟು ಕಳಿಸತಕ್ಕದ್ದು." ಬಹರಾಮನ ಸಂಬಳ ತಿಂಗಳಿಗೆ ಹತ್ತು ಹೊನ್ನು. ಅಲ್ಲಿಗೆ ಇನ್ನೂರ ಹತ್ತು. ಆ ಇನ್ನೂರ ಹತ್ತನ್ನು ನಂಬಿಕೊಂಡು ಅವನ ಹೆಂಡತಿ ಊರಲ್ಲಿ ನಾಲ್ಕು ಗೋಡೆ ಎಬ್ಬಿಸಿ, ಸೂರು ಹೊದಿಸಲು ಗಂಡನ ದಾರಿ ಕಾಯುತ್ತಿದ್ದಳು.

ನಾಗರಸ ಅವನ ಕೈಗಿಟ್ಟದ್ದು ಇಪ್ಪತ್ತೊಂದು ಹೊನ್ನು.

ಹುಣ್ಣಿಮೆಯ ಮುನ್ನಾದಿನ ಬಹರಾಮ ಆಸ್ಥಾನಕ್ಕೆ ಬಂದು ದೂರು ಹೇಳಿಕೊಂಡ; ರಾಜ ನಾಗರಸನನ್ನೂ ಕರೆಸಿದ. ಹುಣ್ಣಿಮೆಯ ಮಾರನೆಯ ದಿನ ಹಡಗು. ಅದು ತಪ್ಪಿದರೆ ಗಾಳಿ ಮತ್ತೆ ತಿರುಗುವುದು ಬರುವ ವರ್ಷವೇ.

"ನನ್ನ ಲೆಕ್ಕದಲ್ಲಿ ತಪ್ಪು ಹಿಡಿಯುವವನು ಇನ್ನೂ ಹುಟ್ಟಿಲ್ಲ, ಪ್ರಭು!" ನಾಗರಸ ಎದೆಯುಬ್ಬಿಸಿದ. ಎದೆಗಿಂತ ಮೊದಲು ಹೊಟ್ಟೆ ಉಬ್ಬಿತು. "ಕಲ್ಲಿನ ಮೇಲೆ ಸಂಬಳ ಅಂತಿದೆ. ನಾನು ಕೊಡುತ್ತಿದ್ದ ಹತ್ತು ಹೊನ್ನಿನಲ್ಲಿ ಮೂರು ಊಟದ ಭತ್ಯೆ, ಎರಡು ವಸತಿಯ ಭತ್ಯೆ, ಎರಡು ಬಟ್ಟೆಗೆ, ಇನ್ನೆರಡು ಮನೆಯ ನೆನಪಾಗುವುದಕ್ಕೆ. ಮೂಲ ಸಂಬಳ ಒಂದೇ ಹೊನ್ನು!"

"ನೀವು ಒಂದು ದಿನವೂ ಊಟ ಹಾಕಲಿಲ್ಲವಲ್ಲ ಧಣಿ," ಅಂದ ಬಹರಾಮ. "ಬೇಯಿಸಿಕೊಂಡದ್ದು ನಾನು. ಮಲಗಿದ್ದು ಕುದುರೆಗಳ ಜೊತೆ."

"ಅದಕ್ಕೇ ಅಲ್ಲವೇನಯ್ಯಾ ಭತ್ಯೆ ಕೊಟ್ಟದ್ದು?"

ರಾಜ ತಲೆ ಕೆರೆದುಕೊಂಡು ಸಂಕಪ್ಪಯ್ಯನ ಕಡೆ ನೋಡಿದ. ಆಸ್ಥಾನದಲ್ಲಿ ಜಾಣ ಅನ್ನಿಸಿಕೊಂಡವನು ಅವನೊಬ್ಬನೇ. ಬಹರಾಮನೂ ಆಸೆಯಿಂದ ಅವನತ್ತ ನೋಡಿದ.

ಸಂಕಪ್ಪಯ್ಯ ಕೈಮುಗಿದ. "ಭೇಷ್, ಧಣಿಗಳೇ! ಪ್ರಭು, ಇಂಥ ಸೂತ್ರ ಒಂದು ಲಾಯದಲ್ಲಿ ಕೊಳೆಯಬಾರದು. ಅಳೆದು ಕೊಡುವುದು ಏನೇ ಇರಲಿ, ಮೂಲವನ್ನಷ್ಟೇ ಹಿಡಿಯಬೇಕು, ಆಮೇಲೆ ಸೇರಿಕೊಂಡದ್ದನ್ನೆಲ್ಲ ಬಿಡಬೇಕು ಅಂತ ರಾಜ್ಯಕ್ಕೇ ಕಟ್ಟಳೆ ಮಾಡಿ. ಧಣಿಗಳೇ ಮೊದಲ ಸಹಿ ಹಾಕಲಿ."

"ಬರೆಯಿರಿ, ಬರೆಯಿರಿ! ಬೊಕ್ಕಸಕ್ಕೂ ಉಳಿತಾಯ!" ಅಂತ ನಾಗರಸ ಸಹಿ ಜಡಿದೇಬಿಟ್ಟ. ರಾಜನ ಮುದ್ರೆಯೂ ಬಿತ್ತು.

ಬಹರಾಮನ ಕಣ್ಣು ತುಂಬಿತು. ಧಣಿ ಮೋಸ ಮಾಡಿದ್ದಕ್ಕಿಂತ ಈ ಜಾಣ ಅದಕ್ಕೆ ಭೇಷ್ ಅಂದದ್ದೇ ಅವನನ್ನು ಹೆಚ್ಚು ನೋಯಿಸಿತು. ಹೊರಗೆ ಹೋಗುವಾಗ ಸಂಕಪ್ಪಯ್ಯ ಅವನ ಭುಜ ಮುಟ್ಟಿ, "ನಾಳೆ ತುಲಾಭಾರಕ್ಕೆ ಬಾ. ಚೀಲ ದೊಡ್ಡದಿರಲಿ" ಅಂದ. ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಆದರೂ ಬಹರಾಮ ಚೀಲ ಹಿಡಿದು ಬಂದ. ಬೇರೆ ದಾರಿಯಾದರೂ ಏನಿತ್ತು?

ಅರಮನೆಯ ಅಂಗಳದಲ್ಲಿ ತಕ್ಕಡಿ ತೂಗುಹಾಕಿದ್ದರು. ನಾಗರಸ ಎರಡು ಪೇಟ, ಮೂರು ಶಾಲು, ಸೊಂಟಕ್ಕೆ ಗಟ್ಟಿ ಡಾಬು ಕಟ್ಟಿಕೊಂಡು, ಏದುಸಿರು ಬಿಡುತ್ತ ಬಂದು ಕೂತ. ಹಗ್ಗ ಕಿರುಗುಟ್ಟಿತು.

"ಸ್ವಲ್ಪ ತಾಳಿ," ಅಂದ ಸಂಕಪ್ಪಯ್ಯ. "ಪೇಟ, ಶಾಲು, ಡಾಬು ಆಮೇಲೆ ಸೇರಿಕೊಂಡದ್ದು. ಬಟ್ಟೆಯ ಭತ್ಯೆ. ತೆಗೆಯಿರಿ."

ನಾಗರಸ ಗೊಣಗುತ್ತ ಪಂಚೆಯೊಂದನ್ನು ಉಳಿಸಿಕೊಂಡ. "ಈಗ ತೂಗಿ!"

"ಇನ್ನೂ ಹೊಟ್ಟೆ ಇದೆಯಲ್ಲ. ಅದು ಊಟದ ಭತ್ಯೆ." ಸಂಕಪ್ಪಯ್ಯ ಹಿಂದೆ ತಿರುಗಿ ಕೂಗಿದ, "ಸೂಲಗಿತ್ತಿ ದ್ಯಾವಮ್ಮ, ಬಾರವ್ವಾ. ಧಣಿಗಳು ಹುಟ್ಟಿದಾಗ ಎತ್ತಿಕೊಂಡವಳು ನೀನಲ್ಲವೇ? ಎಷ್ಟು ತೂಕವಿದ್ದರು?"

ಕೋಲೂರಿಕೊಂಡು ಮುದುಕಿ ಮುಂದೆ ಬಂದಳು. "ಮೂರು ಸೇರು, ಬುದ್ಧೀ. ಮುಷ್ಟಿ ಮಾತ್ರ ಆಗಲೇ ಬಿಗಿ. ಬಿಡಿಸೋಕಾಗಲಿಲ್ಲ."

"ಪ್ರಭು, ಮೂಲ ನಾಗರಸ ಮೂರು ಸೇರು. ಮಿಕ್ಕದ್ದೆಲ್ಲ ಭತ್ಯೆ. ನಿನ್ನೆಯ ಕಟ್ಟಳೆಯ ಪ್ರಕಾರ ಮೂರು ಸೇರು ಬೆಳ್ಳಿ ಸಲ್ಲುತ್ತದೆ."

ಅಂಗಳವೆಲ್ಲ ಗೊಳ್ಳೆಂದಿತು. ನಾಗರಸ ತಟ್ಟೆಯಲ್ಲೇ ಎದ್ದು ನಿಂತು ತೂಗಾಡುತ್ತ ಅರಚಿದ: "ಅನ್ಯಾಯ! ತಿಂದದ್ದು ನಾನು, ಅರಗಿಸಿಕೊಂಡದ್ದು ನಾನು! ಐವತ್ತು ವರ್ಷ ಮೈಯಲ್ಲಿ ಹೊತ್ತದ್ದನ್ನು ಇದು ನಿನ್ನದಲ್ಲ ಅಂದರೆ ಹೇಗೆ? ಇಷ್ಟೂ ನಾನೇ!"

"ಬಹರಾಮ ಇಪ್ಪತ್ತೊಂದು ವರ್ಷ ದುಡಿದು ಪಡೆದ ಹತ್ತು ಹೊನ್ನೂ ಹಾಗೆಯೇ ಅಷ್ಟೂ ಅವನದೇ, ಧಣಿ," ಅಂದ ಸಂಕಪ್ಪಯ್ಯ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಕಟ್ಟಳೆ ಉಳಿದರೆ ಇಬ್ಬರಿಗೂ, ಹೋದರೆ ಇಬ್ಬರಿಗೂ. ಹೇಳಿ, ಯಾವುದಾಗಲಿ?"

ನಾಗರಸ ಬೆಳ್ಳಿಯ ರಾಶಿ ನೋಡಿದ, ಸೂಲಗಿತ್ತಿಯನ್ನು ನೋಡಿದ. "ಹರಿದು ಹಾಕಿ," ಅಂದ, ಹಲ್ಲು ಕಚ್ಚಿಕೊಂಡು.

ಇನ್ನೂರ ಹತ್ತು ಹೊನ್ನು ಬಹರಾಮನ ಚೀಲಕ್ಕೆ ಬಿದ್ದ ಮೇಲೆಯೇ ತಕ್ಕಡಿ ಮೇಲೆದ್ದದ್ದು. ಚೀಲ ಯಾಕೆ ದೊಡ್ಡದಿರಬೇಕಿತ್ತು ಅಂತ ಬಹರಾಮನಿಗೆ ಆಗ ಹೊಳೆಯಿತು. ಅವನು ಸಂಕಪ್ಪಯ್ಯನ ಎರಡೂ ಕೈ ಹಿಡಿದುಕೊಂಡ. "ನಿನ್ನೆ ರಾತ್ರಿಯೆಲ್ಲ ನಿಮ್ಮನ್ನು ಬೈದೆ, ಸ್ವಾಮಿ."

"ಬೈಗಳನ್ನು ಇಲ್ಲೇ ಬಿಟ್ಟು ಹೋಗು. ಧಣಿಗೆ ಬೇಕಾಗುತ್ತವೆ."

ನಕ್ಕು ನಕ್ಕು ಕಣ್ಣೊರೆಸಿಕೊಂಡ ರಾಜ, "ಸಂಕಪ್ಪಯ್ಯ, ಇವತ್ತಿನಿಂದ ನಿನಗೆ ತಿಂಗಳಿಗೆ ಐದು ಹೊನ್ನು ಹೆಚ್ಚು!" ಅಂದ.

ಸಂಕಪ್ಪಯ್ಯ ಬಾಗಿ ನಮಸ್ಕರಿಸಿದ. ಆದರೆ ಅಲ್ಲಾಡಲಿಲ್ಲ.

"ಇನ್ನೇನಯ್ಯಾ?"

"ಕಲ್ಲುಕುಟಿಗನನ್ನು ಕರೆಸಿದ್ದೇನೆ ಪ್ರಭು, ಬಾಗಿಲಲ್ಲೇ ಇದ್ದಾನೆ. ಈ ಐದು ಮೂಲಕ್ಕೆ ಸೇರಿದ್ದು ಅಂತ ತಾವು ಅವನ ಮುಂದೆ ಒಮ್ಮೆ ಹೇಳಿ ಕಲ್ಲಿನ ಮೇಲೆ ಕೆತ್ತಿಸಿಬಿಟ್ಟರೆ, ನಾನೂ ನಗುವುದಕ್ಕೆ ಶುರು ಮಾಡುತ್ತೇನೆ."