ಬಳೆಗಾರನ ಬಲಗೈ

"ಗುರುಗಳೇ, ಭಯ ಹೋದ ಮೇಲೆ ತಾನೆ ಹೆಜ್ಜೆ ಇಡಬೇಕು?" ಎಂದು ಶಿಷ್ಯ ಕೇಳಿದ. ಲಕ್ವ ಹೊಡೆದ ಅವನ ಬಲಗೈ ಶಾಲಿನೊಳಗೆ ಅಡಗಿತ್ತು. ಆಸ್ಪತ್ರೆಗೆ ಹೊರಡುವುದನ್ನು ಅವನು ನಾಳೆ ನಾಳೆ ಎಂದು ತಳ್ಳುತ್ತಲೇ ಬಂದಿದ್ದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಎಂಥ ಗಡುಸು ಕೈಗೂ ನೋಯದಂತೆ ಬಳೆ ಏರಿಸುತ್ತಿದ್ದ. ಒಂದು ಬೆಳಗ್ಗೆ ಲಕ್ವ ಹೊಡೆದು ಅವನ ಬಲಗೈ ಮುಷ್ಟಿ ಕಟ್ಟಿಕೊಂಡಿತು, ಬಿಚ್ಚಲೇ ಇಲ್ಲ. ಅವನ ಹೆಂಡತಿಯೋ, ಗಂಡನ ಕೈಯಿಂದಲ್ಲದೆ ಬಳೆ ತೊಟ್ಟವಳಲ್ಲ. ಮನೆಗೆಲಸದಲ್ಲಿ ಅವಳ ಬಳೆಗಳು ಒಡೆಯುತ್ತ ಬಂದು ಕೊನೆಗೆ ಒಂದೇ ಉಳಿಯಿತು. ಅದೂ ಒಡೆದರೆ ಮುತ್ತೈದೆಯ ಕೈ ಬರಿದು. ಆ ಒಂಟಿ ಬಳೆ ಕಂಡಾಗಲೆಲ್ಲ ತನ್ನ ಸಾವೇ ಕಣ್ಣಮುಂದೆ ಬಂದಂತಾಗಿ ಬಳೆಗಾರ ಬೆವರುತ್ತಿದ್ದ.

ಪಟ್ಟಣದ ವೈದ್ಯೆ ಹೇಳಿದರು: "ತಲೆ ಕೊಯ್ಯುವುದಿಲ್ಲ, ಸೂಜಿಯೂ ಇಲ್ಲ. ಹೊರಗಿನಿಂದಲೇ ಅಯಸ್ಕಾಂತದ ಯಂತ್ರ ಹಿಡಿದು ಮೆದುಳನ್ನು ಎಬ್ಬಿಸುತ್ತೇವೆ. ಆಮೇಲೆ ಕೈಯನ್ನು ನೀವೇ ಪಳಗಿಸಬೇಕು. ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರೆ."

ಅವನು ಕುರ್ಚಿಯಲ್ಲಿ ಕುಳಿತ. ಯಂತ್ರ ಟಕ್ ಎಂದಿತು. ಸತ್ತಂತಿದ್ದ ಹೆಬ್ಬೆರಳು ತಾನಾಗಿ ಚಿಮ್ಮಿತು. ಸಂತೋಷಪಡಬೇಕಾದವನು ಕಿಟಾರನೆ ಕಿರುಚಿದ. ನಾನು ಹೇಳದೆ ನನ್ನ ಬೆರಳು ಆಡಿತಲ್ಲ, ಆಡಿಸಿದವರು ಯಾರು? ತಲೆಯೊಳಗೆ ಕೈಹಾಕಿದವರು ನಾಳೆ ನನ್ನ ಮಾತನ್ನೂ ಕಿತ್ತುಕೊಂಡರೆ? ಎದ್ದೆನೋ ಬಿದ್ದೆನೋ ಎಂದು ಮನೆಗೆ ಬಂದು ಬಾಗಿಲು ಹಾಕಿಕೊಂಡ.

ಹೆಂಡತಿ ಕೇಳಿದಳು: "ಊರ ಹೆಂಗಸರಿಗೆಲ್ಲ ಏನು ಹೇಳುತ್ತಿದ್ದಿರಿ? ಬಿಗಿಹಿಡಿದರೆ ಬಳೆ ಒಡೆಯುತ್ತೆ, ಕೈ ಸಡಿಲ ಬಿಡು ತಾಯಿ ಅಂತ ಅಲ್ಲವೇ?"

"ಅವರ ಕೈ ನನ್ನ ಕೈಯಲ್ಲಿತ್ತು ಕಣೇ. ನನ್ನ ತಲೆ ಯಾರ ಕೈಯಲ್ಲಿದೆಯೋ!"

"ಅವರಿಗೇನು ಭಯ ಇರಲಿಲ್ಲವೇ? ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆದರಿಕೊಂಡೇ ಕೈ ಕೊಟ್ಟರಲ್ಲ."

ಬಳೆಗಾರ ಮತ್ತೆ ಹೋದ. ಯಂತ್ರ ಟಕ್ ಎಂದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಮನೆಯಲ್ಲಿ ಬಲಗೈ ಪಳಗಿಸಲು ಕುಳಿತರೆ ಎಡಗೈ ನಾನಿದ್ದೇನೆ ಎಂದು ಮುಂದೆ ಬರುತ್ತಿತ್ತು. ಹೆಂಡತಿ ಅದನ್ನು ಹಿಡಿದುಕೊಂಡು ಕೂರುತ್ತಿದ್ದಳು. ತಿಂಗಳುಗಳು ಕಳೆದು ಮುಷ್ಟಿ ಅರ್ಧ ಬಿಚ್ಚಿತು, ಅಷ್ಟೇ. ಆ ಅರ್ಧ ಕೈಯಲ್ಲೇ ಅವಳಿಗೆ ಬಳೆ ಏರಿಸಹೋದ. ಬಳೆ ಒಡೆದು ಚೂರು ಅವಳ ಮಣಿಕಟ್ಟನ್ನು ಗೀರಿತು. ಅವಳು ಕೈ ಹಿಂತೆಗೆಯಲಿಲ್ಲ. ಇನ್ನೊಂದು ಏರಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಅಷ್ಟರಲ್ಲಿ ಅವನ ಭಯ ಹೋಗಿತ್ತೇ?" ಎಂದು ಶಿಷ್ಯ ಆಸೆಯಿಂದ ಕೇಳಿದ.

ಗುರುಗಳು ತಮ್ಮ ಕೈ ಮುಂದೆ ಚಾಚಿದರು. "ಎಲ್ಲಿ, ಹೆದರಿಕೊಂಡೇ ನಿನ್ನ ಕೈ ಈಚೆ ತೆಗೆ."